ನಾಲ್ಕನೇ ನಡಿಗೆಯ ಕಮಾನು

ಪ್ರವಾಸಿ ಕೈಪಿಡಿಯನ್ನು ಅಚ್ಚಿಗೆ ಕಳಿಸುವ ಮೊದಲು ಅದನ್ನು ಊರು ಗೊತ್ತಿಲ್ಲದ ಒಬ್ಬರ ಕೈಗೆ ಕೊಡಬೇಕು. ಆಮೇಲೆ ಅವರ ಹಿಂದೆ ನಲವತ್ತು ಹೆಜ್ಜೆ ದೂರದಲ್ಲಿ ಬಾಯಿ ಮುಚ್ಚಿಕೊಂಡು ನಡೆಯಬೇಕು. ಅವರು ತಪ್ಪು ಗಲ್ಲಿಗೆ ತಿರುಗಿದರೂ ಕರೆಯಬಾರದು. ಎಲ್ಲಿ ನಿಂತರು, ಎಲ್ಲಿ ಪುಟವನ್ನು ಅಡ್ಡ ಉದ್ದ ಹಿಡಿದು ನೋಡಿದರು, ಎಲ್ಲಿ ಬೇಸತ್ತು ಅಂಗಡಿಯವನನ್ನು ಕೇಳಿದರು ಎಂದು ಬರೆದುಕೊಳ್ಳಬೇಕು. ಅವರು ಸೋತ ಕಡೆಯೆಲ್ಲ ನಿಜವಾಗಿ ಸೋತಿರುವುದು ನಮ್ಮ ವಾಕ್ಯ.

ಈ ಕ್ರಮವನ್ನು ನಾನೇ ರೂಢಿಸಿಕೊಂಡಿದ್ದೆ. ಗಚ್ಚಿಬೌಲಿಯ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ಅಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿ ತನ್ನ ಸಮಾವೇಶಕ್ಕೆ ಬರುವ ಅತಿಥಿಗಳಿಗೆ ಕೊಡಲು ಹೈದರಾಬಾದಿನ ಒಂದು ಕೈಪಿಡಿ ಬೇಕೆಂದು ನಮ್ಮ ಪುಟ್ಟ ಪ್ರಕಾಶನಕ್ಕೆ ಹೇಳಿತ್ತು. ಹಳೆಯ ಊರನ್ನು ಕಾಲ್ನಡಿಗೆಯಲ್ಲಿ ನೋಡಲು ಹತ್ತು ದಾರಿಗಳು, ಇಂಗ್ಲಿಷಿನಲ್ಲಿ, ಜೇಬಿಗೆ ಹಿಡಿಯುವಂತೆ ತೊಂಬತ್ತಾರು ಪುಟ. ಬರೆಯುವುದು, ನಡೆದು ಪರೀಕ್ಷಿಸುವುದು ನನ್ನ ಕೆಲಸ. ನಕ್ಷೆ ಬರೆಯುವುದು ಕಾಕಾನ ಕೆಲಸ. ಕಾಕಾ ಎಂದರೆ ನನ್ನ ಸ್ವಂತ ಕಾಕಾ ಅಲ್ಲ. ಗದಗಿನ ಕಡೆಯವರು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆಗಾರರಾಗಿದ್ದು ನಿವೃತ್ತರಾಗಿ, ದಿಲ್‌ಸುಖ್‌ನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿದ್ದರು. ರಕ್ಷಣಾ ಕಾರ್ಖಾನೆಯಲ್ಲಿದ್ದ ನನ್ನ ಅಪ್ಪನಿಗೆ ಇಸ್ಪೀಟಿನ ಜೊತೆಗಾರ.

ಒಂಬತ್ತು ನಡಿಗೆಗಳ ಪರೀಕ್ಷೆ ಮುಗಿದಿತ್ತು. ಉಳಿದದ್ದು ನಾಲ್ಕನೆಯದು. ಚಾರ್‌ಮಿನಾರಿನಿಂದ ಹೊರಟು, ಬಳೆ ಅಂಗಡಿಗಳ ಸಾಲು ದಾಟಿ, ಒಂದು ಸಣ್ಣ ಕಮಾನಿನ ಕೆಳಗೆ ನುಸುಳಿ ಹಳೆಯ ದೇವಡಿಗಳ, ಎಂದರೆ ನವಾಬರ ಕಾಲದ ದೊಡ್ಡ ಮನೆಗಳ, ಓಣಿಗೆ ಹೋಗುವ ದಾರಿ. ಪರೀಕ್ಷೆಗೆ ಸಿಕ್ಕವರು ಬಿಜಾಪುರದ ಅಕ್ಕೋರು. ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಲಿಂಗಂಪಲ್ಲಿಯಲ್ಲಿದ್ದ ಮಗಳ ಮನೆಗೆ ಬಂದಿದ್ದರು, ಹಳೆಯ ಊರನ್ನು ಒಮ್ಮೆಯೂ ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ಪ್ರೂಫ್ ಹಾಳೆಗಳನ್ನು ಹಿಡಿದು ಹೊರಟರು. ನಾನು ಹಿಂದೆ. ಮೂರು ತಿರುವುಗಳನ್ನು ಸರಿಯಾಗಿ ತಿರುಗಿದರು. ಕಮಾನಿನ ಕೆಳಗೆ ಬಂದು ನಿಂತರು. ಅಲ್ಲಿ ನನ್ನ ವಾಕ್ಯ ಹೀಗಿತ್ತು: ನಡುವೆ ನಿಂತು ತಲೆಯೆತ್ತಿ ನೋಡಿ, ಗಾರೆಯ ಕಮಲದ ಎಸಳುಗಳನ್ನು ಎಣಿಸಿ. ಅಕ್ಕೋರು ಅಕ್ಷರಶಃ ಎಣಿಸಿದರು. ನಾಲ್ಕು ನಿಮಿಷ ಅಲ್ಲಿಂದ ಕದಲಲಿಲ್ಲ. ಒಂದು ಆಟೋ ಅವರನ್ನು ಸುತ್ತಿ ಹೋಯಿತು. ಅವರು ಪುಟವನ್ನೊಮ್ಮೆ ಕೊಡವಿ ಮುಂದೆ ನಡೆದರು.

ನಡಿಗೆ ಮುಗಿದ ಮೇಲೆ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೇಳಿದರು. "ಬರವಣಿಗಿ ಛಲೋ ಐತ್ರಿ. ಎಲ್ಲೂ ದಾರಿ ತಪ್ಪಲಿಲ್ಲ. ಆದ್ರ ಆ ಕಮಾನಿನ್ಯಾಗ ನಿಂತಾಗ ತಲಿಮ್ಯಾಲೆ ಉಸುಕು ಉದುರಿಧಂಗ ಆತು."

"ಹಳೇ ಗಾರಿ ಅಲ್ರಿ, ಉದುರತೈತಿ," ಎಂದೆ.

"ಅದೂ ಖರೇನರಿ," ಎಂದು ಅವರು ಪ್ರೂಫ್ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು.

ಕಚೇರಿಗೆ ಬಂದು ಹಾಳೆ ಬಿಡಿಸಿದಾಗ ಮಡಿಕೆಯಲ್ಲಿ ಒಂದಿಷ್ಟು ಪುಡಿ ಕೂತಿತ್ತು. ಮೇಜಿನ ಮೇಲೆ ಸುರಿದೆ. ಹಳೆಯ ಗಾರೆ ಉದುರಿದರೆ ಹೊಗೆ ಹಿಡಿದ ಕಂದು ಬಣ್ಣವಿರಬೇಕು. ಇದು ಹಲ್ಲಿನಂತೆ ಬೆಳ್ಳಗಿತ್ತು, ಈಗಷ್ಟೇ ಒಳಗಿನಿಂದ ಒಡೆದದ್ದು.

ಮಂಗಳವಾರ ಬೆಳಿಗ್ಗೆ ಕಾಕಾನನ್ನು ಕರೆದುಕೊಂಡು ಹೋದೆ. ಅವರು ಕಮಾನನ್ನು ನೋಡುವ ಮೊದಲು ನೆಲ ನೋಡಿದರು. ಎಡಗಡೆಯ ಕಂಬದ ಬುಡಕ್ಕೆ ತಾಗಿಕೊಂಡು ಮೊಳದಗಲದ ಒಂದು ಪಟ್ಟಿ ಓಣಿಯುದ್ದಕ್ಕೂ ಹೋಗಿತ್ತು. ಯಾರೋ ಗುತ್ತಿಗೆದಾರ ಕೇಬಲ್ ಹಾಕಲು ಅಗೆದು, ಮಣ್ಣನ್ನು ಸುಮ್ಮನೆ ಮೇಲೆಳೆದು ಹೋಗಿದ್ದ. ಆಗ ಊರಿನ ಯಾವ ರಸ್ತೆ ನೋಡಿದರೂ ಈ ಪಟ್ಟಿ ಇತ್ತು. ನಾನು ಅದನ್ನು ಹತ್ತು ಸಲವಾದರೂ ದಾಟಿದ್ದೆ. ಕಾಕಾ ತಮ್ಮ ಕೊಡೆಯ ತುದಿಯನ್ನು ಅದರೊಳಗೆ ಒತ್ತಿದರು. ಗೇಣುದ್ದ ಸಲೀಸಾಗಿ ಇಳಿಯಿತು. ಹೊರತೆಗೆದಾಗ ತುದಿ ಒದ್ದೆಯಾಗಿತ್ತು.

"ನಳದ ಪೈಪು ಎಲ್ಲೋ ಸೋರಾಕತ್ತೈತಿ. ನೀರು ಈ ಕಾಲುವಿ ಹಿಡಕೊಂಡು ಪಾಯಕ್ಕ ಹೊಂಟೈತಿ," ಎಂದರು.

ಬಿರುಕು ಆ ಕಂಬದ ಭುಜದಿಂದ ಹೊರಟು ಕಮಾನಿನ ನೆತ್ತಿಯ ಕಡೆಗೆ ಏರಿತ್ತು. ನಾನು ಕೈಪಿಡಿ ಬರೆಯುವಾಗ ಅದನ್ನು ನೋಡಿರಲಿಲ್ಲವೆಂದಲ್ಲ. ಹಳೆಯ ಕಟ್ಟಡಕ್ಕೆ ಸುಕ್ಕಿದ್ದಂತೆ ಎಂದುಕೊಂಡಿದ್ದೆ. ಕಾಕಾ ಪಕ್ಕದ ಅಂಗಡಿಯ ಸ್ಟೂಲು ಕೇಳಿ ತಂದು ಹತ್ತಿ, ಬೀಡಿ ಹಚ್ಚುವ ಲೈಟರಿನ ಬೆಳಕಿನಲ್ಲಿ ನೋಡಿದರು.

"ತಂಗಿ, ಹಳೇ ಬಿರುಕಿನ್ಯಾಗ ಜೇಡರ ಬಲಿ ಇರತೈತಿ, ಧೂಳ ಇರತೈತಿ, ಇರುವಿ ಮನಿ ಮಾಡಿರತಾವು. ಇದರಾಗ ಏನೂ ಇಲ್ಲ. ಅಂಚು ಚೂಪ ಐತಿ. ಇದು ಮೊನ್ನೆ ಮೊನ್ನೇದು."

"ಬೀಳತೈತೇನ್ರಿ?"

"ಹಂಗ ಹೇಳಾಕ ಬರಂಗಿಲ್ಲ. ನಡದೈತೋ ನಿಂತೈತೋ ನೋಡಬೇಕು. ನಿಂತಿದ್ರ ಇನ್ನ ನೂರು ವರ್ಷ ನಿಲ್ಲತೈತಿ. ಮ್ಯಾಲೆ ಯಾರರ ಅದಾರೇನು?"

ಮೇಲೆ ಯಾರಾದರೂ ಇದ್ದಾರೆಯೇ ಎಂಬುದು ನನಗೆ ಗೊತ್ತಿರಲಿಲ್ಲ. ಕಮಾನಿನ ಮೇಲೆ ಒಂದು ಕೋಣೆ ಇತ್ತು, ಅದಕ್ಕೊಂದು ಹಸಿರು ಕಿಟಕಿ ಇತ್ತು. ನನ್ನ ಪುಸ್ತಕದಲ್ಲಿ ಆ ಕಿಟಕಿಯ ಬಣ್ಣದ ಬಗ್ಗೆ ಅರ್ಧ ಸಾಲು ಇತ್ತು.

ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದೆವು. ಬಾಗಿಲನ್ನು ಒಳಗಿನಿಂದ ಯಾರೋ ಬಲ ಹಾಕಿ ಎಳೆದರು. ಅದು ನೆಲಕ್ಕೆ ಕೆರೆಯುತ್ತ ಅರ್ಧ ತೆರೆಯಿತು. ಅರವತ್ತು ದಾಟಿದ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದರು. ನಾನು ಹಿಂದಿಯಲ್ಲಿ ಶುರುಮಾಡಿದೆ. ಕಾಕಾನಿಗೂ ನನಗೂ ಮಧ್ಯೆ ಹಾದುಹೋದ ಒಂದು ಮಾತನ್ನು ಕೇಳಿಸಿಕೊಂಡು ಅವರು ನಕ್ಕರು.

"ಕನ್ನಡದಾಗೇ ಮಾತಾಡ್ರಿ. ನನ್ನ ತವರು ಆಳಂದ ಅದ. ಈ ಮನ್ಯಾಗ ನಲವತ್ತು ವರ್ಷದಿಂದ ಯಾರೂ ನನ್ನ ಕೂಡ ಕನ್ನಡ ಮಾತಾಡಿಲ್ಲ."

ನಾನು ಅವರನ್ನು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆದೆ. ಕೋಣೆಯ ತುಂಬ ಒಂದು ಮರದ ಚೌಕಟ್ಟು ಹರಡಿತ್ತು. ಕಾರ್ಚೋಬ್ ಎನ್ನುತ್ತಾರೆ, ಬಟ್ಟೆಯನ್ನು ತಮಟೆಯ ಹಾಗೆ ಬಿಗಿದು ಜರಿಯ ಕಸೂತಿ ಹಾಕಲು. ಅದರ ಮೇಲೆ ಮದುವೆಯ ಹೆಣ್ಣಿನ ಕೆಂಪು ದುಪಟ್ಟಾ ಇತ್ತು, ಮುಕ್ಕಾಲು ಮುಗಿದಿತ್ತು. ಮೂಲೆಯ ಪರದೆಯ ಹಿಂದೆ ಯಾರೋ ಗೊರಕೆ ಹೊಡೆಯುತ್ತಿದ್ದರು. "ಮಗ," ಎಂದರು ಖಾಲಾ. "ಗಚ್ಚಿಬೌಲಿ ಕಂಪನಿಗೆ ಸುಮೋ ಗಾಡಿ ಹೊಡೀತಾನ. ರಾತ್ರಿಪಾಳಿ ಮಂದೀನ ಬಿಟ್ಟು ಬರೂದರಾಗ ಬೆಳಗಾಗ್ತದ. ಹಗಲೆಲ್ಲ ಹೀಂಗೇ."

ಕಾಕಾ ಬಾಗಿಲನ್ನು ನೋಡುತ್ತಿದ್ದರು. ಅದರ ಕೆಳಗಿನ ಅಂಚನ್ನು ಹೊಸದಾಗಿ ಉಜ್ಜಿದ ಗುರುತಿತ್ತು. "ಬಾಗಲಾ ಯಾವಾಗಿಂದ ಹಿಡಿಯಾಕತ್ತೈತ್ರಿ?"

"ಹದಿನೈದು ದಿನ ಆಯ್ತು. ಮಳಿಗಾಲ ಅಲ್ಲೇನು, ಕಟ್ಟಿಗಿ ಉಬ್ಬಿರ್ತದ."

"ಮಳಿ ಹೋಗಿ ತಿಂಗಳಾತು," ಎಂದರು ಕಾಕಾ.

ನಾವು ಕೆಳಗೆ ನೋಡಿದ್ದನ್ನು ಹೇಳಿದೆವು. ಖಾಲಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದರು. ಮುಖದಲ್ಲಿ ಬದಲಾವಣೆ ಕಾಣಲಿಲ್ಲ. ಕಟ್ಟಡ ಯಾರದೆಂಬ ಬಗ್ಗೆ ಅಣ್ಣತಮ್ಮಂದಿರ ನಡುವೆ ಅವರು ಮದುವೆಯಾಗಿ ಬಂದಾಗಿನಿಂದ ಕೋರ್ಟಿನಲ್ಲಿ ದಾವೆ ನಡೆದಿತ್ತು. ಇಲ್ಲಿಂದ ಒಮ್ಮೆ ಇಳಿದರೆ ಮತ್ತೆ ಹತ್ತಲು ಯಾರೂ ಬಿಡುವುದಿಲ್ಲ.

"ಮುನ್ಸಿಪಾಲ್ಟಿ ಆಫೀಸಿಗೆ ಹೇಳ್ತೀ ಏನ್ ಬೇಟಿ? ಹೇಳಿದಿ ಅಂದ್ರ ಅವರು ಬಿರುಕ ಮುಚ್ಚಲ್ಲ. ನಮ್ಮನ್ನ ಹೊರಗ ಹಾಕ್ತಾರ, ಅಷ್ಟೇ."

ಕೊನೆಗೆ ಕಾಕಾ ಒಂದು ಒಪ್ಪಂದ ಮಾಡಿದರು. ಇಲಾಖೆಯಲ್ಲಿದ್ದಾಗ ಕಾಲುವೆಯ ಗೋಡೆಗಳಿಗೆ ಮಾಡುತ್ತಿದ್ದ ಉಪಾಯವಂತೆ. ಫೋಟೋ ಕಟ್ಟು ಹಾಕುವವನ ಹತ್ತಿರ ತೆಳ್ಳನೆಯ ಗಾಜನ್ನು ಎರಡು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿಕೊಂಡರು. ಸಿಮೆಂಟು ಕಲಸಿ ಒಂದು ಪಟ್ಟಿಯನ್ನು ಕೆಳಗೆ ಕಂಬದ ಮೇಲೆ, ಬಿರುಕಿಗೆ ಅಡ್ಡಲಾಗಿ, ಎರಡು ತುದಿಗಳನ್ನು ಎರಡು ದಡಗಳಿಗೆ ಕೂರಿಸಿದರು. ಇನ್ನೊಂದನ್ನು ಮೇಲೆ ಕೋಣೆಯಲ್ಲಿ, ಅದೇ ಬಿರುಕು ನೆಲದಿಂದ ಎದ್ದು ಬಾಗಿಲಿನ ಚೌಕಟ್ಟಿನ ಪಕ್ಕ ಹೋದ ಕಡೆ. ಸಿಮೆಂಟು ಹಸಿಯಿದ್ದಾಗಲೇ ಮೊಳೆಯಿಂದ ತಾರೀಖು ಕೊರೆದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ತಡೆಯುವುದಿಲ್ಲ, ಒಡೆಯುತ್ತದೆ.

"ಗಾಜು ಒಡೀಲಿಲ್ಲ ಅಂದ್ರ ನಾವು ಯಾರಿಗೂ ಹೇಳಂಗಿಲ್ಲ. ಒಡೀತು ಅಂದ್ರ ನೀವು ಅವತ್ತೇ ಇಳೀಬೇಕು," ಎಂದರು ಕಾಕಾ. ಖಾಲಾ ತಲೆಯಾಡಿಸಿದರು. ನಾನೂ ಮಾತು ಕೊಟ್ಟೆ.

ಮಧ್ಯಾಹ್ನ ಚಿಕ್ಕಡಪಲ್ಲಿಯ ಕಚೇರಿಯಲ್ಲಿ ನಮ್ಮ ಮಾಲೀಕರ ಮುಂದೆ ಕೂತೆ. ಅವರು ತೆಲುಗಿನವರು, ಮುದ್ರಣದಲ್ಲಿ ಪಳಗಿದವರು. ಹದಿನಾರು ಪುಟಕ್ಕೆ ಒಂದು ಹಾಳೆಯಂತೆ ಆರು ಹಾಳೆ. ನಾಲ್ಕನೇ ನಡಿಗೆ ಮೂರನೇ ಹಾಳೆಯಲ್ಲಿ. ಅಚ್ಚಿಗೆ ಬೇಕಾದ ಫಿಲ್ಮು ತಯಾರಾಗಿತ್ತು. ಶುಕ್ರವಾರ ಪ್ಲೇಟು, ಮುಂದಿನ ಬುಧವಾರ ಅತಿಥಿಗಳ ಚೀಲಕ್ಕೆ ಪುಸ್ತಕ.

"ಚೂಡಮ್ಮಾ," ಎಂದರು ಅವರು, ತೆಲುಗಿನಲ್ಲೇ. "ನಡಿಗೆಯನ್ನೇ ತೆಗೆದರೆ ಎಂಟು ಪುಟ ಖಾಲಿ. ಹತ್ತು ನಡಿಗೆ ಎಂದು ಮುಖಪುಟ ಆಗಲೇ ಅಚ್ಚಾಗಿದೆ. ದಾರಿ ಬದಲಿಸಲು ಆಗುತ್ತದೆಯೇ? ಆದರೆ ಗುರುವಾರ ಸಂಜೆಯೊಳಗೆ ಕೊಡು. ಆಗದಿದ್ದರೆ ಇದ್ದ ಹಾಗೇ ಹೋಗುತ್ತದೆ. ನೂರಾರು ವರ್ಷ ನಿಂತದ್ದು ಒಂದು ವಾರ ನಿಲ್ಲುವುದಿಲ್ಲವೇ?"

ಬುಧವಾರವಿಡೀ ಹೊಸ ದಾರಿ ಅಳೆದೆ. ಕಮಾನನ್ನು ಬಿಟ್ಟು ಹಿಂದಿನ ಬೀದಿಯಿಂದ ಸುತ್ತಿ ಬರುವ ದಾರಿ. ಮುನ್ನೂರ ಹತ್ತು ಹೆಜ್ಜೆ ಹೆಚ್ಚು. ನೆರಳಿಲ್ಲ, ಆದರೆ ನಗಾರಿ ಬಾರಿಸುತ್ತಿದ್ದ ಒಂದು ಹಳೆಯ ನಗಾರಖಾನೆ ಸಿಗುತ್ತದೆ. ಎಲ್ಲಿ ಎಡ, ಎಲ್ಲಿ ಬಲ, ಶುಕ್ರವಾರದ ನಮಾಜಿನ ಹೊತ್ತಿಗೆ ಯಾವ ತುದಿಯಲ್ಲಿ ಜನ ಹೆಚ್ಚು, ಕುಡಿಯುವ ನೀರು ಎಲ್ಲಿ, ಎಲ್ಲವನ್ನೂ ಮತ್ತೆ ಬರೆದೆ. ನಡುನಡುವೆ ಕಮಾನಿಗೆ ಹೋಗಿ ಬಂದೆ. ಕೆಳಗಿನ ಗಾಜು ನೆಟ್ಟಗಿತ್ತು. ಮೇಲಿನದೂ ನೆಟ್ಟಗಿತ್ತು. ಖಾಲಾ ತಲೆಯೆತ್ತದೆ, "ನೋಡು, ನಿಂದು ಗಾಜಿಗಿ ಏನೂ ಆಗಿಲ್ಲ," ಎಂದರು. ಪರದೆಯ ಹಿಂದೆ ಗೊರಕೆ ನಡೆದೇ ಇತ್ತು.

ಸಂಜೆ ಕಾಕಾ ನಕ್ಷೆಯಲ್ಲಿ ಬಾಣದ ಗುರುತನ್ನು ಬ್ಲೇಡಿನಿಂದ ಕೆರೆದು ಒಂದು ಬೆರಳು ಆಚೆಗೆ ಮತ್ತೆ ಬರೆದರು. ನನಗೆ ಎದೆಯ ಭಾರ ಇಳಿಯಿತು. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. "ಇನ್ನ ಕಮಾನಿನ ಕೆಳಗ ನಮ್ಮ ಮಂದಿ ಯಾರೂ ಹೋಗಂಗಿಲ್ರಿ ಕಾಕಾ."

ಅವರು ಪೆನ್ನಿನ ತುದಿ ಒರೆಸುತ್ತ, "ಹೌದು, ಪುಸ್ತಕ ಉಳೀತು," ಎಂದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಮಾತು ನನ್ನನ್ನು ಸರಿಯಾಗಿ ಕೂರಲು ಬಿಡಲಿಲ್ಲ.

ಗುರುವಾರ ಹತ್ತೂವರೆಗೆ ಕಾಕಾ ಮತ್ತು ನಾನು ಮತ್ತೆ ಹೋದೆವು. ಕೆಳಗಿನ ಗಾಜು ಹಾಗೇ ಇತ್ತು. ಕಾಕಾನಿಗೆ ಮಂಡಿನೋವು, ಕೆಳಗೇ ನಿಂತರು. ಮೇಲೆ ಬಾಗಿಲು ತೆಗೆಯಲು ಖಾಲಾಗೆ ಹಿಂದಿಗಿಂತ ಹೊತ್ತು ಹಿಡಿಯಿತು. ನಾನು ಒಳಗೆ ಹೆಜ್ಜೆಯಿಟ್ಟಾಗ ಕಾಲಡಿ ಏನೋ ಸುರುಳಿಯಾಗಿ ಸಿಕ್ಕಿತು. ಬಾಗಿಲಿನ ಅಂಚಿನಿಂದ ಹೆರೆದ ಮರದ ಸಿಪ್ಪೆ. ಅವರು ಅದನ್ನು ಚಾಪೆಯ ಕೆಳಗೆ ಗುಡಿಸಿದ್ದರು, ಒಂದೆರಡು ಎಳೆ ಉಳಿದಿದ್ದವು.

ನಾನು ಗಾಜಿನ ಹತ್ತಿರ ಹೋದೆ. ಒಡೆದಿರಲಿಲ್ಲ. ಆದರೆ ಕಾಕಾನ ಗಾಜು ಎರಡು ಬೆರಳಗಲವಿತ್ತು, ಇದು ಮೂರು ಬೆರಳಿತ್ತು. ಒಂದು ಅಂಚಿನಲ್ಲಿ ಕಪ್ಪು ಕಾಗದದ ಗಮ್ಮು ಅಂಟಿತ್ತು, ಫೋಟೋದ ಕಟ್ಟಿನಿಂದ ತೆಗೆದ ಗಾಜಿಗೆ ಇರುವಂಥದು. ತಾರೀಖು ಇರಲಿಲ್ಲ. ಸಿಮೆಂಟಿನ ಜಾಗದಲ್ಲಿ ಬೆರಳೊತ್ತಿದೆ. ಮೆತ್ತಗೆ ಒಳಗೆ ಹೋಯಿತು. ಮೈದಾ ಹಿಟ್ಟು.

ತಿರುಗಿ ನೋಡಿದೆ. ಖಾಲಾ ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಕಣ್ಣಿಗೆ ಹೋಗುತ್ತಿರಲಿಲ್ಲ.

"ಯಾವಾಗ ಒಡೀತು ಖಾಲಾ?"

ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡರು. "ನಿನ್ನಿ ನೀ ಹೋದ ಮ್ಯಾಲ. ಟಕ್ ಅಂತು. ಮಗ ಏಳಲಿಲ್ಲ."

"ಮತ್ತ ಮಾತು ಕೊಟ್ಟಿದ್ರಲ್ರಿ."

"ಐತವಾರ ಮದುವಿ ಅದ ಬೇಟಿ. ಹೆಣ್ಣಿನ ದುಪಟ್ಟಾ ಇದು. ಶನಿವಾರ ಕೊಡಬೇಕು. ಆಮ್ಯಾಲ ನೀ ಎಲ್ಲಿ ಅಂದ್ರೂ ಇಳೀತೀನಿ. ಮೂರು ದಿನ. ನಲವತ್ತು ವರ್ಷ ಹೊತ್ತದ ನನ್ನ, ಮೂರು ದಿನ ಹೊರಂಗಿಲ್ಲಂತ?"

ಎರಡು ದಿನಗಳ ಹಿಂದೆ ನಮ್ಮ ಮಾಲೀಕರು ಆಡಿದ್ದೂ ಹೆಚ್ಚುಕಡಿಮೆ ಇದೇ ಮಾತು. ಅವರ ಮೇಲೆ ಬಂದಿದ್ದ ಸಿಟ್ಟು ಖಾಲಾ ಮೇಲೆ ಬರಲಿಲ್ಲ. ಅದೇ ನನಗೆ ಹೆದರಿಕೆಯಾಯಿತು. ಇನ್ನೊಂದು ನಿಮಿಷ ಅಲ್ಲಿ ನಿಂತರೆ ಒಪ್ಪಿಬಿಡುತ್ತೇನೆಂದು ಗೊತ್ತಾಯಿತು.

"ಮಗನ್ನ ಎಬ್ಬಿಸ್ರಿ. ಇಬ್ರೂ ಕೆಳಗ ಬರ್ರಿ."

"ನಕ್ಕೋ ಬೇಟಿ. ಅವ ಈಗ ಮಲಗ್ಯಾನ."

"ಹಂಗಾದ್ರ ನಾ ಆಫೀಸಿಗೆ ಹೊಂಟೆ ಖಾಲಾ."

ಅವರು ಸೂಜಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ನೀ ಮಾತಿಗೆ ನಿಲ್ಲೂ ಹೆಂಗಸು ಅಂತ ತಿಳಕೊಂಡಿದ್ದೆ," ಎಂದರು.

ಕೆಳಗೆ ಕಾಕಾನಿಗೆ ಹೇಳಿದೆ. ಅವರು ಕೆಳಗಿನ ಗಾಜನ್ನೂ ಮೇಲಿನ ಕಿಟಕಿಯನ್ನೂ ನೋಡಿ, "ಕೆಳಗ ನಿಂತೈತಿ, ಮ್ಯಾಲೆ ಬಿಡಾಕತ್ತೈತಿ. ಅಂದ್ರ ಕಮಾನು ಹೊರಗ ವಾಲಾಕತ್ತೈತಿ. ನೀ ಹೋಗು. ನಾ ಇಲ್ಲೇ ನಿಂತು ಮಂದೀನ ಆ ಕಡೆ ಹೊಳ್ಳಿಸತೀನಿ," ಎಂದರು.

ವಾರ್ಡು ಕಚೇರಿ ಕಾಲು ಗಂಟೆಯ ದಾರಿ. ಹೆಚ್ಚುಕಡಿಮೆ ಓಡಿದೆ. ಎಂಜಿನಿಯರು ಇದ್ದರು, ಆದರೆ ಮುಂದೆ ಹನ್ನೆರಡು ಜನ ಇದ್ದರು. ನನ್ನ ಸರದಿ ಬಂದಾಗ ಎಲ್ಲವನ್ನೂ ಹೇಳಿದೆ, ಕೇಬಲ್ಲಿನ ಕಾಲುವೆ, ನೀರು, ಗಾಜು, ಮೇಲೆ ಇಬ್ಬರು. ಅವರು ಒಳ್ಳೆಯವರೇ. ಗಮನಕೊಟ್ಟು ಕೇಳಿದರು. ನಂತರ ಒಂದು ಕಡತವನ್ನು ತೋರಿಸಿ ತೆಲುಗಿನಲ್ಲಿ ಹೇಳಿದರು. "ಇದರಲ್ಲಿ ನೂರಕ್ಕೂ ಹೆಚ್ಚು ಹಳೆಯ ಮನೆಗಳ ದೂರುಗಳಿವೆ ಅಮ್ಮಾ. ಎಲ್ಲ ಕಡೆ ಒಳಗೆ ಜನ ಇದ್ದಾರೆ. ಅರ್ಜಿ ಕೊಡಿ. ಸೋಮವಾರ ನಾನೇ ಬಂದು ನೋಡುತ್ತೇನೆ."

ಅರ್ಜಿ ಬರೆಯಲು ಚೀಲದಿಂದ ಕಾಗದ ತೆಗೆಯುವಾಗ ಅಕ್ಕೋರ ಪ್ರೂಫ್ ಹಾಳೆ ಕೈಗೆ ಬಂತು. ಹಳೆಯ ದಾರಿಯದು, ರದ್ದಾದದ್ದು. ಅದನ್ನು ಅವರ ಮುಂದೆ ಹರಡಿದೆ.

"ಇದು ಮುಂದಿನ ವಾರದ ಸಮಾವೇಶಕ್ಕೆ ಕೊಡುವ ಪುಸ್ತಕ ಸರ್. ಬೇರೆ ಬೇರೆ ದೇಶಗಳಿಂದ ಬರುತ್ತಾರೆ. ಇಲ್ಲಿ ನೋಡಿ, ಕಮಾನಿನ ನಡುವೆ ನಿಂತು ಮೇಲೆ ನೋಡಿ ಎಂದು ಬರೆದಿದೆ. ಬುಧವಾರದಿಂದ ಇವರೆಲ್ಲ ಅದರ ಕೆಳಗೆ ನಿಲ್ಲುತ್ತಾರೆ."

ಅದು ಸುಳ್ಳು. ಆ ವಾಕ್ಯವನ್ನು ಹಿಂದಿನ ದಿನವೇ ನಾನು ಹೊಡೆದುಹಾಕಿದ್ದೆ. ಎಂಜಿನಿಯರು ಹಾಳೆಯನ್ನು ಎರಡು ಸಲ ಓದಿದರು. ಸಮಾವೇಶ ನಡೆಯುವ ಕಂಪನಿಯ ಹೆಸರನ್ನು ಓದಿದರು. ಎದ್ದು ಹೊರಗೆ ಹೋಗಿ ಜೀಪಿನ ಚಾಲಕನನ್ನು ಕೂಗಿದರು. ನನ್ನ ಹಿಂದೆ ಸರದಿಯಲ್ಲಿದ್ದ ಮುದುಕರೊಬ್ಬರು, ತಮ್ಮ ಅರ್ಜಿಯನ್ನು ಮಡಿಚಿ ಮತ್ತೆ ಜೇಬಿಗಿಟ್ಟುಕೊಳ್ಳುವುದು ಕಾಣಿಸಿತು.

ನಾವು ಬಂದಾಗ ಓಣಿಯ ಎರಡೂ ಕಡೆ ಜನ ಸೇರಿದ್ದರು. ಕಾಕಾ ಕೊಡೆಯನ್ನು ಅಡ್ಡ ಹಿಡಿದು ನಿಂತಿದ್ದರು. ಖಾಲಾ ಕೆಳಗೆ ಇದ್ದರು, ಕೈಯಲ್ಲಿ ತುಂಬಿದ ಕೊಡ. ನಾನು ಹೋದ ಮೇಲೆ ನೀರಿಗೆಂದು ಇಳಿದಿದ್ದರು. ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಿದ್ದರು. ಮರಳಿ ಬಂದು ತಳ್ಳಿದರೆ ಅದು ಕದಲಲಿಲ್ಲ. ಕಾಕಾ ಹೋಗಿ ತಳ್ಳಿದರೂ ಕದಲಲಿಲ್ಲ. ಮಗ ಒಳಗಿದ್ದ.

ಎಂಜಿನಿಯರು ಬಿರುಕನ್ನು ನೋಡಿದವರೇ ತಮ್ಮ ಸಹಾಯಕರಿಗೆ ಮೊದಲು ಹೇಳಿದ ಮಾತು, "ಬಾಗಿಲಿಗೆ ಯಾರೂ ಸುತ್ತಿಗೆ ಹಾಕಬೇಡಿ." ಆ ಚೌಕಟ್ಟೇ ಈಗ ಗೋಡೆಯನ್ನು ಹೊತ್ತಿರಬಹುದೆಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು. ಕಮಾನಿನ ಪಕ್ಕ ನಿಂತಿದ್ದ ಮಗನ ಸುಮೋವನ್ನು, ಗೋಡೆ ಅದುರೀತೆಂದು, ಶುರು ಮಾಡಲೂ ಬಿಡಲಿಲ್ಲ. ಎಂಟು ಜನ ಸೇರಿ ಅದನ್ನು ಕೈಯಿಂದ ದೂರ ತಳ್ಳಿದರು. ಸುಣ್ಣ ಬಳಿಯುವವನೊಬ್ಬನ ಬಿದಿರಿನ ಏಣಿ ಸಿಕ್ಕಿತು. ಅದನ್ನು ಕಮಾನಿಗೆ ತಾಗಿಸದೆ ಬಲಗಡೆಯ ಗಟ್ಟಿ ಗೋಡೆಗೆ ಒರಗಿಸಿದರು. ಅಲ್ಲಿಂದ ಕಿಟಕಿಗೆ ಒಂದು ಮಾರು ದೂರ.

ಖಾಲಾ ಕೂಗಿ ಕೂಗಿ ಮಗನನ್ನು ಎಬ್ಬಿಸಿದರು. ಹಸಿರು ಕಿಟಕಿ ತೆರೆಯಿತು. ಮೂವತ್ತರ ಆಸುಪಾಸಿನ ಗಂಡಸು, ನಿದ್ದೆಗಣ್ಣು, ಕೆಳಗಿನ ಗುಂಪನ್ನು ನೋಡಿ ಯಾರೋ ಸತ್ತಿದ್ದಾರೆ ಎಂದುಕೊಂಡನಂತೆ. ಎಂಜಿನಿಯರು ಹಿಂದಿಯಲ್ಲಿ ನಿಧಾನವಾಗಿ, ಬರಿಗೈಯಲ್ಲಿ ಬಾ, ಈಗಲೇ ಬಾ ಎಂದರು. ಅವನು ಒಂದು ಕಾಲು ಹೊರಗೆ ಹಾಕಿದ. ಆಮೇಲೆ ತಾಯಿಯ ಮುಖ ನೋಡಿದ.

ಖಾಲಾ ಬಾಯಿಯ ಮೇಲೆ ಸೆರಗು ಒತ್ತಿಕೊಂಡು ನಿಂತಿದ್ದರು. ಅವನು ಕಾಲನ್ನು ಒಳಗೆಳೆದುಕೊಂಡ.

"ಅಮ್ಮಿ, ಯಾವ ದಾರ ಮೊದಲು?" ಎಂಬ ದನಿ ಒಳಗಿನಿಂದ ಬಂತು.

ಕಾರ್ಚೋಬಿನ ಚೌಕಟ್ಟು ಆ ಕಿಟಕಿಯಲ್ಲಿ ಹಿಡಿಯುವುದಿಲ್ಲ. ಬಟ್ಟೆಯನ್ನು ಬಿಗಿದ ದಾರಗಳನ್ನು ಒಂದೊಂದಾಗಿ ಬಿಚ್ಚಬೇಕು. ಎಳೆದರೆ ಜರಿ ಕೀಳುತ್ತದೆ. ಎಂಜಿನಿಯರು ಬೈದರು. ಕಾಕಾ ಕೈಗಡಿಯಾರ ನೋಡತೊಡಗಿದರು. ಖಾಲಾ ಕೊಡವನ್ನು ಕೆಳಗಿಟ್ಟು, ಗುಂಪಿನ ಮುಂದೆ ಬಂದು ಕತ್ತೆತ್ತಿ ದಖ್ಖನಿಯಲ್ಲಿ ಹೇಳುತ್ತ ಹೋದರು: ಎಡಗಡೆಯದು ಮೊದಲು, ಗಂಟು ಒಳಗಿದೆ, ಬೆರಳಿನಿಂದ ಬೇಡ, ಕತ್ತರಿ ತಾಕೀಚೆಯಲ್ಲಿ. ತಾಕೀಚೆ ಎಂದರೆ ಗೋಡೆಯ ಗೂಡು. ತನ್ನ ಜೀವಮಾನದಲ್ಲಿ ಆ ಚೌಕಟ್ಟನ್ನು ಮುಟ್ಟದ ಮಗ ಒಳಗೆ ಬಿಚ್ಚುತ್ತಿದ್ದ. ಒಮ್ಮೆ ಕಮಾನಿನ ಒಳಗಿನಿಂದ ಅಂಗೈಯಷ್ಟು ಗಾರೆ ಕಳಚಿ ಬಿತ್ತು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಖಾಲಾ ದನಿ ಮಾತ್ರ ಅದೇ ಹದದಲ್ಲಿ ನಡೆಯಿತು: ಈಗ ಬಲಗಡೆ, ಈಗ ಸುತ್ತು, ಒಳಮೈ ಹೊರಗೆ ಬರಲಿ.

ಅದಕ್ಕೆ ಹನ್ನೊಂದು ನಿಮಿಷ ಹಿಡಿಯಿತು ಎಂದು ಕಾಕಾ ಆಮೇಲೆ ಹೇಳಿದರು. ಆ ಹೊತ್ತಿನಲ್ಲಿ ನಾನು ಮಾಡಿದ್ದು ಏನೂ ಇಲ್ಲ. ಅವನು ಬಾರದಿದ್ದರೆ ಎಂದು ಯೋಚಿಸಲು ಶುರುಮಾಡಿ, ಆ ವಾಕ್ಯವನ್ನು ಪೂರ್ತಿ ಮಾಡಲಾಗದೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಅವನು ಕೆಂಪು ಬಟ್ಟೆಯ ಸುರುಳಿಯನ್ನು ಕುತ್ತಿಗೆಗೆ ಸುತ್ತಿಕೊಂಡು ಕಿಟಕಿಯಿಂದ ಹೊರಬಂದ. ಗೋಡೆಯ ಅಂಚನ್ನು ಹಿಡಿದು ಪಕ್ಕಕ್ಕೆ ಸರಿದು ಏಣಿಯ ಮೇಲೆ ಕಾಲಿಟ್ಟ. ಇಳಿದವನೇ ತಾಯಿಗೆ ಸುರುಳಿ ಕೊಟ್ಟು, ರಸ್ತೆಯಂಚಿಗೆ ಹೋಗಿ ವಾಂತಿ ಮಾಡಿಕೊಂಡ. ಖಾಲಾ ಬಟ್ಟೆಯ ಒಂದು ತುದಿ ಬಿಚ್ಚಿ ನೋಡಿದರು, ಮತ್ತೆ ಸುತ್ತಿದರು. ನನ್ನ ಕಡೆ ತಿರುಗಲಿಲ್ಲ.

ಕಮಾನು ಅವತ್ತು ಬೀಳಲಿಲ್ಲ. ಆಮೇಲೂ ಬೀಳಲಿಲ್ಲ. ಸಂಜೆಯೊಳಗೆ ಕಬ್ಬಿಣದ ಆಧಾರಗಳು ಬಂದವು. ಕೇಬಲ್ಲಿನ ಕಾಲುವೆ ಬಗೆದು ಸೋರುವ ಪೈಪು ಹುಡುಕಿದರು. ಶುಕ್ರವಾರದಿಂದ ಮೂರು ದಿನ ಮೇಲಿನ ಕೋಣೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ ಭಾರ ಇಳಿಸಿದರು. ಬಾಗಿಲಿನ ಚೌಕಟ್ಟು ತೆಗೆದಾಗ ಪಕ್ಕದ ಗೋಡೆ ತಾನಾಗಿ ಕೂತುಕೊಂಡಿತಂತೆ. ಕಾಕಾ ಅದನ್ನು ನೋಡಲೆಂದೇ ಹೋಗಿದ್ದರು. ನಾನು ಹೋಗಲಿಲ್ಲ.

ಪುಸ್ತಕ ಬುಧವಾರಕ್ಕೆ ತಲುಪಿತು, ಹೊಸ ದಾರಿಯೊಂದಿಗೆ. ಮಾಲೀಕರು ಸಂತೋಷಪಟ್ಟರು. ಆ ಅತಿಥಿಗಳಲ್ಲಿ ನಾಲ್ಕನೇ ನಡಿಗೆಯನ್ನು ಎಷ್ಟು ಜನ ನಡೆದರೋ ಗೊತ್ತಿಲ್ಲ.

ಮೂರು ವಾರ ಕಳೆದ ಮೇಲೆ ಖಾಲಾ ಇರುವ ಜಾಗವನ್ನು ಹುಡುಕಿಕೊಂಡು ಹೋದೆ. ಫಲಕ್‌ನುಮಾದ ಆಚೆ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಬಾಗಿಲು ಸದ್ದಿಲ್ಲದೆ ತೆರೆಯಿತು. ಅವರು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚೌಕಟ್ಟು ಹೊಸದು, ಹಳೆಯದಕ್ಕಿಂತ ಚಿಕ್ಕದು, ಕೋಣೆಯೇ ಚಿಕ್ಕದು. ದುಪಟ್ಟಾವನ್ನು ನೆಂಟರ ಮನೆಯ ಅಂಗಳದಲ್ಲಿ ಕೂತು ಮುಗಿಸಿ ಭಾನುವಾರ ಬೆಳಿಗ್ಗೆ ಮದುವೆಮನೆಗೇ ಒಯ್ದು ಕೊಟ್ಟರಂತೆ. ಮಗ ಪಾಳಿ ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ಎಂಟು ಗಂಟೆಯಾಗುತ್ತದೆ. ಇಲ್ಲಿ ಹಗಲು ಶಾಲೆಯ ಗದ್ದಲ, ಅವನಿಗೆ ನಿದ್ದೆಯಿಲ್ಲ.

ಚಹಾ ಕೊಟ್ಟರು. ನಾನು ಮೈದಾ ಹಿಟ್ಟಿನ ಮಾತು ಎತ್ತಲಿಲ್ಲ, ಅವರು ನಾನು ಆಫೀಸಿಗೆ ಹೋದದ್ದನ್ನು ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ಸೂಜಿಯಿಂದ ಕಣ್ಣೆತ್ತದೆ ಕೇಳಿದರು.

"ನಿನ್ನ ಕಿತಾಬಿನಾಗ ನಮ್ಮ ಮನಿ ಬಗ್ಗೆ ಏನ್ ಬರದಿ?"

"ಏನೂ ಇಲ್ಲ ಖಾಲಾ. ಮೊದಲು ಇತ್ತು. ದಾರಿ ಬದಲಿಸಿದ ಮ್ಯಾಲೆ ತಗದೆ."

"ಛಲೋ ಆಯ್ತು," ಎಂದರು. "ಯಾರೂ ಹುಡಿಕ್ಕೊಂಡು ಬರಂಗಿಲ್ಲ."

ಅವರು ಇನ್ನೂ ಏಳೆಂಟು ಹೊಲಿಗೆ ಹಾಕಿದರು. ಕೆಳಗೆ ಶಾಲೆಯ ಗಂಟೆ ಹೊಡೆದು ಗದ್ದಲ ನಿಂತಿತು. ನಾನು ಲೋಟ ತೊಳೆದಿಟ್ಟು ಚೀಲ ಹೆಗಲಿಗೆ ಹಾಕಿಕೊಂಡೆ. ಬಾಗಿಲವರೆಗೆ ಬಂದಾಗ ಹಿಂದಿನಿಂದ ಅವರ ದನಿ ಕೇಳಿಸಿತು, ನನಗೆ ಹೇಳಿದ್ದೋ ಬಟ್ಟೆಗೆ ಹೇಳಿದ್ದೋ ತಿಳಿಯದ ಹಾಗೆ.

"ಆದ್ರೂ ಒಂದ್ ಸಾಲು ಬಿಡಬೇಕಿತ್ತು ಬೇಟಿ. ಇಲ್ಲಿ ಮಂದಿ ಇದ್ರು ಅಂತ."